ಗೋಲ್ಡ್ ಕೋಸ್ಟ್‌ನ ಬಾಸೆಲ್ ಮಿಶನ್ ಶಾಲೆಗಳು: ಮೊದಲು ಮಕ್ಕಳನ್ನು ಕಳಿಸಿದವರು ಯಾರು?

ಪ್ರಶ್ನೆ ಕೇಳಿದವರು: ಧಾರವಾಡದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮುಂದಿನ ತಿಂಗಳು ನಮ್ಮ ಹುಡುಗರಿಗೆ ವಸಾಹತು ಕಾಲದ ಆಫ್ರಿಕಾದ ಮಿಶನ್ ಶಾಲೆಗಳ ಬಗ್ಗೆ ಒಂದು ಗಂಟೆ ಮಾತಾಡಬೇಕಿದೆ. ಕಿಟೆಲ್ ಹೆಸರು ಅವರಿಗೆ ಗೊತ್ತು. ಮೊಗ್ಲಿಂಗ್ ಹೆಸರೂ ಕೇಳಿದ್ದಾರೆ. ಇವರನ್ನು ಇಲ್ಲಿಗೆ ಕಳಿಸಿದ ಬಾಸೆಲ್ ಮಿಶನ್ನೇ ಆಗಿನ ಗೋಲ್ಡ್ ಕೋಸ್ಟ್‌ನಲ್ಲೂ, ಅಂದರೆ ಈಗಿನ ಘಾನಾದಲ್ಲೂ, ಶಾಲೆ ನಡೆಸಿತ್ತು. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ ಎಂದುಕೊಂಡಿದ್ದೇನೆ.

ಓದಲು ಕೂತರೆ ಎರಡೇ ಥರದ ಬರಹ ಸಿಗುತ್ತಿದೆ. ಒಂದು, ಮಿಶನರಿಗಳು ಬಂದರು, ಅಕ್ಷರ ಕೊಟ್ಟರು, ಊರು ಉದ್ಧಾರವಾಯಿತು. ಇನ್ನೊಂದು, ಮಿಶನರಿಗಳು ಬಂದರು, ಧರ್ಮ ಕೆಡಿಸಿದರು, ಊರು ಹಾಳಾಯಿತು. ಎರಡರಲ್ಲೂ ಅಲ್ಲಿನ ಜನ ಏನು ಮಾಡಿದರು ಅನ್ನುವುದೇ ಇಲ್ಲ. ಸುಮ್ನೆ ನಿಂತು ನೋಡುತ್ತಿದ್ದರೇ?

ನನಗೆ ಬೇಕಾಗಿರುವುದು ಸಣ್ಣ ವಿಷಯಗಳು. ಯಾರು ಮೊದಲು ಮಕ್ಕಳನ್ನು ಶಾಲೆಗೆ ಕಳಿಸಿದರು, ಯಾಕೆ ಕಳಿಸಿದರು? ಓದಿದ ಹುಡುಗ ಮನೆಗೆ ಬಂದ ಮೇಲೆ ಮನೆಯಲ್ಲಿ ಏನು ಬದಲಾಯಿತು? ಅರಸರು, ಊರ ಹಿರಿಯರು ಏನೆಂದರು? ಅಲ್ಲಿ ಇದ್ದು ಬಂದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.


ಉತ್ತರ: ಬಲ್ಮಠದ ಟೀಚರ್

ಮೇಷ್ಟ್ರೇ, ನಾನು ಮಂಗಳೂರಿನವಳು. 1980ರ ದಶಕದಲ್ಲಿ ಘಾನಾದ ಅಕುವಾಪೆಮ್ ಗುಡ್ಡಸಾಲಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ನಮ್ಮ ಮುತ್ತಜ್ಜನ ಕಾಲದಲ್ಲಿ ನಮ್ಮವರು ಬಾಸೆಲ್ ಮಿಶನ್ ಸಭೆಗೆ ಸೇರಿದವರು. ಹಾಗಾಗಿ ಅಕ್ರೊಪಾಂಗ್ ಊರಿನಲ್ಲಿ ಅದೇ ಮಿಶನ್ನಿನ ಹಳೇ ಕಟ್ಟಡ ನೋಡಿದ ಮೇಲೆ ಆ ಊರಿನ ಕತೆ ಕೇಳದೆ ಇರಲು ಆಗಲಿಲ್ಲ. ನನ್ನ ಜೊತೆಯ ಮೇಷ್ಟ್ರುಗಳಲ್ಲಿ ಜಾಸ್ತಿ ಜನ ಅಲ್ಲಿನವರೇ. ಅವರು ಹೇಳಿದ್ದು, ಆಮೇಲೆ ನಾನು ಓದಿದ್ದು, ಎರಡನ್ನೂ ಸೇರಿಸಿ ಬರೆಯುತ್ತೇನೆ. ಉದ್ದವಾಗುತ್ತದೆ.

ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ: ಬಹಳ ಕಾಲ ಯಾರೂ ಕಳಿಸಲಿಲ್ಲ.

ಮಿಶನ್ನಿನ ಮೊದಲ ನಾಲ್ವರು 1828ರ ಡಿಸೆಂಬರಿನಲ್ಲಿ ಕ್ರಿಸ್ಟಿಯಾನ್ಸ್‌ಬೋರ್ಗ್‌ಗೆ ಬಂದಿಳಿದರು. ಅದು ಅಕ್ರಾ ಪಕ್ಕದ ಒಸು ಎಂಬಲ್ಲಿ ಡೇನ್ ಜನರ ಕೋಟೆ. ವರ್ಷ ತುಂಬುವ ಮೊದಲೇ ಮೂವರು ಜ್ವರಕ್ಕೆ ಸತ್ತರು. ನಾಲ್ಕನೆಯವರು 1831ರಲ್ಲಿ ಹೋದರು. 1832ರಲ್ಲಿ ಮತ್ತೆ ಮೂವರು ಬಂದರು. ಅವರಲ್ಲಿ ಉಳಿದವರು ಆಂಡ್ರಿಯಾಸ್ ರೀಸ್ ಒಬ್ಬರೇ. ಅವರನ್ನು ಬದುಕಿಸಿದ್ದು ಊರಿನ ನಾಟಿ ವೈದ್ಯ. ರೀಸ್ 1835ರಲ್ಲಿ ಕರಾವಳಿ ಬಿಟ್ಟು ಗುಡ್ಡ ಹತ್ತಿ ಅಕ್ರೊಪಾಂಗ್‌ಗೆ ಹೋದರು. ಅಲ್ಲಿನ ಅರಸರು ನಾನಾ ಅಡ್ಡೊ ಡಂಕ್ವಾ ಜಾಗ ಕೊಟ್ಟರು, ಆದರದಿಂದಲೇ ಇಟ್ಟುಕೊಂಡರು. ಆದರೆ 1840ರಲ್ಲಿ ರೀಸ್ ಊರಿಗೆ ವಾಪಸ್ ಹೊರಟಾಗ ಒಬ್ಬರಿಗೂ ದೀಕ್ಷಾಸ್ನಾನ ಆಗಿರಲಿಲ್ಲ.

ಹೊರಡುವಾಗ ಅರಸರು ಒಂದು ಮಾತು ಹೇಳಿದರು ಎಂದು ಆ ಊರಿನಲ್ಲಿ ಇಂದಿಗೂ ಹೇಳುತ್ತಾರೆ. ದೇವರು ಬಿಳಿಯರಿಗೆ ಪುಸ್ತಕ ಕೊಟ್ಟ, ನಮಗೆ ನಮ್ಮ ದೈವಗಳನ್ನು ಕೊಟ್ಟ. ಆ ಪುಸ್ತಕ ಓದಬಲ್ಲ ಕಪ್ಪು ಜನರನ್ನು ಕರೆತಂದು ತೋರಿಸಿ, ಆಗ ನಿಮ್ಮ ಮಾತು ಕೇಳುತ್ತೇವೆ. ಇದು ಬಾಯಿಂದ ಬಾಯಿಗೆ ಬಂದ ಮಾತು. ಆದರೆ ಮಿಶನ್ ಮುಂದೆ ಮಾಡಿದ್ದು ಇದನ್ನೇ. ರೀಸ್ ಜಮೈಕಾ ಮತ್ತು ಆಂಟಿಗುವಾಕ್ಕೆ ಹೋಗಿ, ಮೊರೇವಿಯನ್ ಸಭೆಯ ಕಪ್ಪು ಕ್ರೈಸ್ತ ಕುಟುಂಬಗಳನ್ನು ಕರೆತಂದರು. ಸುಮಾರು 24 ಮಂದಿ. 1843ರ ಏಪ್ರಿಲ್‌ನಲ್ಲಿ ಬಂದಿಳಿದರು. ಮಂಗಳೂರಿನಲ್ಲಿ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು ಅದೇ ವರ್ಷದ ಜುಲೈಯಲ್ಲಿ. ನಿಮ್ಮ ಹುಡುಗರಿಗೆ ಇದನ್ನು ಹೇಳಿ, ಕಾಲ ಯಾವುದೆಂದು ಥಟ್ಟನೆ ಮನಸ್ಸಿಗೆ ಬರುತ್ತದೆ.

ಈ ಜಮೈಕಾದವರನ್ನು ಇತಿಹಾಸದ ಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಆಫ್ರಿಕಾದಿಂದ ಗುಲಾಮರಾಗಿ ಹೋದವರ ಮಕ್ಕಳು, ಮೊಮ್ಮಕ್ಕಳು ಅವರು. ಓದು ಬರಹ ಬಲ್ಲವರು, ಕಟ್ಟಡ ಕೆಲಸ, ತೋಟದ ಕೆಲಸ ಬಲ್ಲವರು. ಕಲ್ಲಿನ ಮನೆ ಕಟ್ಟಿದರು. ಮಾವು, ಆವಕಾಡೊ, ಕೆಸುವಿನ ಗೆಡ್ಡೆಯ ಒಂದು ಹೊಸ ಜಾತಿ ತಂದು ನೆಟ್ಟರು. ಶಾಲೆ ನಿಂತದ್ದು ಅವರು ಬಂದ ಮೇಲೆ. 1848ರಲ್ಲಿ ಅಕ್ರೊಪಾಂಗ್‌ನಲ್ಲಿ ಉಪದೇಶಿ ಮತ್ತು ಶಿಕ್ಷಕರನ್ನು ತಯಾರು ಮಾಡುವ ಸೆಮಿನರಿ ಶುರುವಾಯಿತು. ಮೊದಲ ತಂಡದಲ್ಲಿ ಐದೇ ಹುಡುಗರು. ಆ ಸಂಸ್ಥೆ ಇಂದಿಗೂ ಶಿಕ್ಷಕರ ತರಬೇತಿ ಕಾಲೇಜಾಗಿ ನಡೆಯುತ್ತಿದೆ.

ಈಗ, ಯಾರು ಬಂದರು? ಆ ಶುರುವಿನ ದಿನಗಳಲ್ಲಿ ಊರಿನಲ್ಲಿ ಕಳೆದುಕೊಳ್ಳಲು ಏನೂ ಇಲ್ಲದವರ ಮಕ್ಕಳೇ ಜಾಸ್ತಿ. ಮನೆಯಲ್ಲಿ ಗುಲಾಮರಾಗಿದ್ದವರ ಮಕ್ಕಳು, ಸಾಲಕ್ಕೆ ಒತ್ತೆ ಇಟ್ಟ ಮಕ್ಕಳು, ಮಿಶನ್ ಹಣ ಕೊಟ್ಟು ಬಿಡಿಸಿಕೊಂಡ ಮಕ್ಕಳು. ಜೊತೆಗೆ ಜಮೈಕಾದವರ ಮಕ್ಕಳು, ಕರಾವಳಿಯಲ್ಲಿ ಯುರೋಪಿನ ವ್ಯಾಪಾರಿಗಳಿಗೂ ಅಲ್ಲಿನ ಗಾ ಎಂಬ ಜನಾಂಗದ ಹೆಂಗಸರಿಗೂ ಹುಟ್ಟಿದ ಮಕ್ಕಳು. ಇನ್ನೊಂದು ಕಡೆಯಿಂದ ಅರಸು ಮನೆತನಗಳು ಒಬ್ಬೊಬ್ಬ ಹುಡುಗನನ್ನು ಕಳಿಸಿದವು. ಎಲ್ಲರನ್ನೂ ಅಲ್ಲ, ಒಬ್ಬನನ್ನು. ಬಿಳಿಯರ ಕಾಗದ ಓದಿ ಹೇಳಲು ಮನೆಯಲ್ಲಿ ಒಬ್ಬ ಇರಲಿ ಎಂದು. ಡೇವಿಡ್ ಅಸಾಂಟೆ ಅಂಥ ಹುಡುಗ. ಅಕ್ರೊಪಾಂಗ್ ಅರಸು ಮನೆತನದವನು. ಓದಲು ಬಾಸೆಲ್‌ಗೇ ಹೋಗಿ ಬಂದ, 1864ರಲ್ಲಿ ಪಾದ್ರಿಯಾಗಿ ಅಭಿಷೇಕವಾಯಿತು. ಒಂದೇ ಬೆಂಚಿನಲ್ಲಿ ಅರಸು ಮನೆಯ ಹುಡುಗ, ಪಕ್ಕದಲ್ಲಿ ಗುಲಾಮಳ ಮಗ. ಊರಿನ ಬೇರೆ ಯಾವ ಜಾಗದಲ್ಲೂ ಆಗದಿದ್ದದ್ದು ಅದು. ಬೇರೆ ಯಾವ ಪಾಠಕ್ಕಿಂತಲೂ ಆ ಬೆಂಚೇ ದೊಡ್ಡ ಪಾಠ ಎಂದು ನಾನು ನಂಬುತ್ತೇನೆ.

ಪಾಠ ನಡೆದದ್ದು ಅಲ್ಲಿನ ಮಾತಿನಲ್ಲೇ. ಗುಡ್ಡದ ಮೇಲೆ ಟ್ವಿ, ಕರಾವಳಿಯಲ್ಲಿ ಗಾ. ಕ್ರಿಸ್ಟಾಲರ್ ಎಂಬ ಮಿಶನರಿ ಸ್ಥಳೀಯರನ್ನು ಕೂರಿಸಿಕೊಂಡು 1871ಕ್ಕೆ ಇಡೀ ಬೈಬಲ್ಲನ್ನು ಟ್ವಿಗೆ ತಂದರು. 1875ರಲ್ಲಿ ವ್ಯಾಕರಣ, 1879ರಲ್ಲಿ 3,600 ಗಾದೆಗಳ ಸಂಗ್ರಹ, 1881ರಲ್ಲಿ ನಿಘಂಟು. ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ. ಆದರೆ ತಂದೆತಾಯಂದಿರಿಗೆ ಬೇಕಾಗಿದ್ದು ಇಂಗ್ಲಿಷ್. ಅಕ್ರಾದಲ್ಲಿ ಗುಮಾಸ್ತೆ ಕೆಲಸಕ್ಕೆ ಇಂಗ್ಲಿಷ್ ಬೇಕು. ಸರ್ಕಾರವೂ 1882ರ ಶಿಕ್ಷಣ ಕಾಯ್ದೆಯಲ್ಲಿ ಅನುದಾನವನ್ನು ಇಂಗ್ಲಿಷಿಗೆ ಗಂಟು ಹಾಕಿತು. ಮಿಶನ್ನಿಗೆ ತನ್ನ ಹುಡುಗರು ಊರಿನಲ್ಲೇ ಉಪದೇಶಿಗಳಾಗಿ, ರೈತರಾಗಿ, ಬಡಗಿಗಳಾಗಿ ಇರಬೇಕು ಎಂಬ ಆಸೆ. ಮನೆಯವರಿಗೆ ಮಗ ಕರಾವಳಿಗೆ ಹೋಗಿ ಸಂಬಳ ತರಬೇಕು ಎಂಬ ಆಸೆ. ಈ ಹಗ್ಗಜಗ್ಗಾಟ ಕೊನೆಯವರೆಗೂ ಮುಗಿಯಲಿಲ್ಲ.

ಶಾಲೆಯಿಂದ ಆದ ದೊಡ್ಡ ಗಾಯ ಯಾವುದು ಎಂದರೆ ಸೇಲಂ. ತಮಿಳುನಾಡಿನ ಸೇಲಂ ಅಲ್ಲ. ಕ್ರೈಸ್ತರಿಗಾಗಿ ಊರಾಚೆ ಕಟ್ಟಿದ ಬೇರೆ ಕೇರಿಗೆ ಅಲ್ಲಿ ಆ ಹೆಸರು. ಅಕ್ರೊಪಾಂಗ್‌ನ ಸೇಲಂ ಬೀದಿಯಲ್ಲಿ ನಾನು ಎಷ್ಟೋ ಸಲ ನಡೆದಿದ್ದೇನೆ. ಎರಡೂ ಬದಿ ಮಾವಿನ ಮರ, ಜಗಲಿ ಇರುವ ಕಲ್ಲಿನ ಮನೆಗಳು. ನೋಡಲು ಬಹಳ ಚೆಂದ. ಆದರೆ ಅದರ ನಿಯಮ ನೋಡಿ. ಸಭೆಗೆ ಸೇರಿದವನು ಅಲ್ಲಿಗೆ ಬಂದು ಮನೆ ಮಾಡಬೇಕು. ಜಗಳವಾದರೆ ಸಭೆಯ ಹಿರಿಯರ ಮುಂದೆ ಹೋಗಬೇಕು, ಅರಸರ ಮುಂದೆ ಅಲ್ಲ. ಪಿತೃಗಳಿಗೆ ಎಡೆ ಇಡುವ ಹಾಗಿಲ್ಲ, ಹಬ್ಬದ ಡೋಲಿಗೆ ಕುಣಿಯುವ ಹಾಗಿಲ್ಲ, ಇಬ್ಬರು ಹೆಂಡಿರಿದ್ದರೆ ದೀಕ್ಷಾಸ್ನಾನ ಇಲ್ಲ. ಒಂದೇ ತಾಯಿಯ ಮಕ್ಕಳು ಎರಡು ಊರಿನವರಾದರು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹಿರಿಯ ಮೇಷ್ಟ್ರು ಸೇಲಂನಲ್ಲೇ ಹುಟ್ಟಿ ಬೆಳೆದವರು, ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಅಂಥವರೇ ನನಗೆ ಹೇಳಿದ್ದು: ಚಿಕ್ಕವರಿದ್ದಾಗ ಅಜ್ಜಿಯ ಮನೆಯ ಹಬ್ಬದ ಊಟಕ್ಕೆ ಕದ್ದು ಹೋಗಬೇಕಿತ್ತು, ಗೊತ್ತಾದರೆ ಶಾಲೆಯಲ್ಲಿ ಬೆತ್ತದ ಏಟು. ಆ ಅಜ್ಜಿಯ ಮನೆ ಇದ್ದದ್ದು ಕೂಗಿದರೆ ಕೇಳುವಷ್ಟು ಹತ್ತಿರ.

ಅರಸರು ಏನೆಂದರು ಅಂತ ಕೇಳಿದ್ದೀರಿ. ಇದಕ್ಕೆ ಅಕ್ಯೆಮ್ ಅಬುವಾಕ್ವಾ ರಾಜ್ಯದ ಕತೆಗಿಂತ ಒಳ್ಳೆಯದು ಇಲ್ಲ. ಅದರ ರಾಜಧಾನಿ ಕಿಬಿ. 1874ರ ಕೊನೆಗೆ ಬ್ರಿಟಿಷರು ಗೋಲ್ಡ್ ಕೋಸ್ಟ್‌ನಲ್ಲಿ ಗುಲಾಮಗಿರಿ ರದ್ದು ಮಾಡಿದರು. ಅರಸರು ಒಂದನೇ ಅಮೊವಾಕೊ ಅಟ್ಟಾ ಅವರ ಆಳುಗಳಲ್ಲಿ ಹಲವರು ಅರಮನೆ ಬಿಟ್ಟು ಸೇಲಂಗೆ ಬಂದರು. ಆಗ ಅಲ್ಲಿ ಮಿಶನ್ ನೋಡಿಕೊಳ್ಳುತ್ತಿದ್ದವರು ಇದೇ ಡೇವಿಡ್ ಅಸಾಂಟೆ. ಇಬ್ಬರ ನಡುವೆ ಹೊತ್ತಿಕೊಂಡಿತು. ಜಗಳ ಅಕ್ರಾದ ಸರ್ಕಾರದ ತನಕ ಹೋಯಿತು. 1880ರಲ್ಲಿ ಅರಸರನ್ನು ಲಾಗೋಸ್‌ಗೆ ಗಡೀಪಾರು ಮಾಡಿದರು. ಐದು ವರ್ಷ ಬಿಟ್ಟು ವಾಪಸ್ ಬಂದರು, 1887ರಲ್ಲಿ ತೀರಿಕೊಂಡರು.

ಆ ಅರಸರ ಆಸ್ಥಾನದಲ್ಲಿ ಯಾವ್ ಬೊವಾಕ್ಯೆ ಡಂಕ್ವಾ ಎಂಬ ಡೋಲು ಬಾರಿಸುವ ಹಿರಿಯ ಇದ್ದರು. ಅವರು ಮಿಶನ್ ಸೇರಿದರು, ಉಪದೇಶಿಯಾದರು. ಅವರ ಒಬ್ಬ ಮಗ ಅಕ್ರೊಪಾಂಗ್ ಸೆಮಿನರಿಯಲ್ಲಿ ಓದಿ, ತಾಯಿಯ ಕಡೆಯ ಹಕ್ಕಿನಿಂದ ಅದೇ ಅಕ್ಯೆಮ್ ಅಬುವಾಕ್ವಾದ ಗಾದಿಗೆ ಏರಿದರು. ಅವರೇ ಒಂದನೇ ನಾನಾ ಒಫೊರಿ ಅಟ್ಟಾ. 1912ರಿಂದ 1943ರವರೆಗೆ ಆಳಿದರು. ಇನ್ನೊಬ್ಬ ಮಗ ಜೆ. ಬಿ. ಡಂಕ್ವಾ. ಲಂಡನ್ನಿನಲ್ಲಿ ತತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದು, 1947ರಲ್ಲಿ ಸ್ವಾತಂತ್ರ್ಯಕ್ಕಾಗಿ ಪಕ್ಷ ಕಟ್ಟಿದವರಲ್ಲಿ ಮೊದಲಿಗರು. ಗೋಲ್ಡ್ ಕೋಸ್ಟ್‌ಗೆ ಘಾನಾ ಎಂಬ ಹೆಸರು ಇಡೋಣ ಎಂದು ಹೇಳಿದವರೂ ಅವರೇ. ಇಷ್ಟಾದರೂ 1941ರಲ್ಲಿ ಒಫೊರಿ ಅಟ್ಟಾ ಅವರ ರಾಜ್ಯ ಮಂಡಳಿ ಚರ್ಚಿಗೆ ದೂರು ಬರೆಯಿತು. ಕ್ರೈಸ್ತರು ಊರಿಂದ ಬೇರೆಯಾಗಿ ಇರುವುದು ಊರನ್ನೇ ಒಡೆಯುತ್ತಿದೆ ಎಂಬುದೇ ಅದರ ತಿರುಳು. ಮಿಶನ್ ಶಾಲೆಯಲ್ಲಿ ಓದಿದ ಅರಸರೇ ಇದನ್ನು ಹೇಳಿದ್ದು. ಶಾಲೆ ಬೇಡ ಎಂದು ಅವರು ಎಂದೂ ಹೇಳಲಿಲ್ಲ. ಬೇರೆ ಕೇರಿ ಬೇಡ ಎಂದರು.


ಉತ್ತರ: ನೈರೋಬಿಯಲ್ಲಿದ್ದವನು

ಟೀಚರ್ ಬರೆದದ್ದು ಚೆನ್ನಾಗಿದೆ. ಆದರೆ ಮೇಷ್ಟ್ರೇ, ಇಡೀ ಆಫ್ರಿಕಾ ಹೀಗೇ ಇತ್ತು ಎಂದು ಹುಡುಗರು ತಿಳಿಯಬಾರದು. ನಾನು ಕೀನ್ಯಾದಲ್ಲಿ ಅಕೌಂಟೆಂಟ್ ಆಗಿದ್ದೆ. ಅಲ್ಲಿನ ಕಿಕುಯು ಜನರ ಕತೆ ಬೇರೆ, ಯಾಕೆಂದರೆ ಅಲ್ಲಿ ಬಿಳಿಯರು ನೆಲವನ್ನೇ ಕಿತ್ತುಕೊಂಡಿದ್ದರು. ಗೋಲ್ಡ್ ಕೋಸ್ಟ್‌ನಲ್ಲಿ ಜಮೀನು ಊರಿನವರ ಕೈಯಲ್ಲೇ ಉಳಿದಿತ್ತು.

ನೈರೋಬಿ ಹತ್ತಿರದ ಥೊಗೊಟೊದಲ್ಲಿ ಸ್ಕಾಟ್ಲೆಂಡ್ ಚರ್ಚಿನ ಮಿಶನ್ ಇತ್ತು. ಮುಂದೆ ಕೀನ್ಯಾದ ಮೊದಲ ಅಧ್ಯಕ್ಷರಾದ ಜೋಮೊ ಕೆನ್ಯಾಟಾ ಹುಡುಗನಾಗಿ ಓದಿದ್ದು, ಮರಗೆಲಸ ಕಲಿತದ್ದು ಅಲ್ಲಿ. 1929ರಲ್ಲಿ ಹೆಣ್ಣುಮಕ್ಕಳ ಸುನ್ನತಿಯ ವಿಷಯಕ್ಕೆ ಮಿಶನ್ ಮತ್ತು ಜನರ ನಡುವೆ ದೊಡ್ಡ ಒಡಕಾಯಿತು. ಆ ಪದ್ಧತಿಯನ್ನು ಬಿಡುತ್ತೇವೆ, ಕಿಕುಯು ಸೆಂಟ್ರಲ್ ಅಸೋಸಿಯೇಷನ್ ಎಂಬ ರಾಜಕೀಯ ಸಂಘವನ್ನೂ ಬಿಡುತ್ತೇವೆ ಎಂದು ಪ್ರತಿಜ್ಞೆ ಮಾಡಬೇಕು ಎಂದಿತು ಮಿಶನ್. ಆ ಪದ್ಧತಿ ಹೆಣ್ಣುಮಕ್ಕಳಿಗೆ ಮಾಡುವ ಹಿಂಸೆ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಎರಡನ್ನೂ ಒಂದೇ ಪ್ರತಿಜ್ಞೆಗೆ ಕಟ್ಟಿದ್ದರಿಂದ ಜನರಿಗೆ ಅದು ನೆಲದ ಹೋರಾಟವನ್ನು ಮುರಿಯುವ ಉಪಾಯವಾಗಿ ಕಂಡಿತು. ಚರ್ಚುಗಳು ಖಾಲಿಯಾದವು, ಶಾಲೆಗಳೂ ಖಾಲಿಯಾದವು. ಮಿಶನ್ನನ್ನು ಬೈದು ಹಾಡು ಕಟ್ಟಿ ಕುಣಿದರು. ಸರ್ಕಾರ ಆ ಹಾಡನ್ನು ನಿಷೇಧಿಸಿತು.

ನನಗೆ ದೊಡ್ಡದಾಗಿ ಕಾಣುವುದು ಆಮೇಲೆ ಆದದ್ದು. ಮಿಶನ್ ಬಿಟ್ಟವರು ಓದು ಬಿಡಲಿಲ್ಲ. ಊರೂರಲ್ಲಿ ತಾವೇ ಹಣ ಕೂಡಿಸಿ, ಮಣ್ಣು ಹೊತ್ತು, ತಮ್ಮದೇ ಶಾಲೆ ಕಟ್ಟಿದರು. ಅವುಗಳಿಗೆ ಎರಡು ಸಂಘಗಳಿದ್ದವು. ಒಂದು ಸ್ವತಂತ್ರ ಶಾಲೆಗಳ ಸಂಘ, ಇನ್ನೊಂದು ಕರಿಂಗ ಸಂಘ. ಶಿಕ್ಷಕರು ಸಾಲದೆ ಹೋದಾಗ 1939ರಲ್ಲಿ ಗಿಥುಂಗುರಿಯಲ್ಲಿ ಶಿಕ್ಷಕರ ಕಾಲೇಜು ಶುರುವಾಯಿತು. ಅಮೆರಿಕದಲ್ಲಿ ಓದಿ ಬಂದಿದ್ದ ಎಂಬಿಯು ಕೊಯಿನಾಂಗೆ ಅದನ್ನು ಕಟ್ಟಿದವರು. ಮುಂದೆ ಕೆನ್ಯಾಟಾ ಕೂಡ ಅದನ್ನು ನಡೆಸಿದರು. 1952ರಲ್ಲಿ ಬ್ರಿಟಿಷರ ವಿರುದ್ಧದ ಮೌ ಮೌ ಹೋರಾಟದ ಹೊತ್ತಿಗೆ ತುರ್ತು ಪರಿಸ್ಥಿತಿ ಘೋಷಿಸಿ, ಸರ್ಕಾರ ಈ ಶಾಲೆಗಳನ್ನು ಮುಚ್ಚಿಸಿತು. ಗಿಥುಂಗುರಿಯ ಜಾಗದಲ್ಲಿ ಗಲ್ಲುಗಂಬ ಹಾಕಿತು. ಶಾಲೆ ಕಟ್ಟಲು ದುಡ್ಡು ಕೊಟ್ಟ ಊರುಗಳ ಗಂಡಸರನ್ನೇ ಅಲ್ಲಿ ನೇಣಿಗೆ ಹಾಕಿದರು. ಇದನ್ನು ನಿಮ್ಮ ಪಾಠದಲ್ಲಿ ಬಿಡಬೇಡಿ, ಮೇಷ್ಟ್ರೇ.


ಉತ್ತರ: ಹಂಪನಕಟ್ಟೆ

ಟೀಚರ್, ಎರಡು ಪ್ರಶ್ನೆ. ಒಂದು, ಹೆಣ್ಣುಮಕ್ಕಳ ಬಗ್ಗೆ ನೀವು ಏನೂ ಬರೆಯಲಿಲ್ಲ. ಎರಡು, ನಮ್ಮಲ್ಲಿ ಹಂಚಿನ ಕಾರ್ಖಾನೆ, ನೇಯ್ಗೆ ಇದ್ದ ಹಾಗೆ ಅಲ್ಲೂ ಮಿಶನ್ನಿನ ವ್ಯಾಪಾರ ಇತ್ತೇ? ವ್ಯಾಪಾರವೂ ಅವರದೇ, ಶಾಲೆಯೂ ಅವರದೇ ಆದರೆ ಶಾಲೆ ಇದ್ದದ್ದು ಕೂಲಿಗಳನ್ನು ತಯಾರು ಮಾಡಲು ಅಂತ ಅನಿಸುವುದಿಲ್ವಾ?


ಉತ್ತರ: ಬಲ್ಮಠದ ಟೀಚರ್

ಕೇಳಿದ್ದು ಒಳ್ಳೆಯದಾಯಿತಮ್ಮಾ. ಮೊದಲು ಹೆಣ್ಣುಮಕ್ಕಳು.

ಕ್ಯಾಥರಿನ್ ಮಲ್‌ಗ್ರೇವ್ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ. ಹುಟ್ಟಿದ್ದು ಅಂಗೋಲದಲ್ಲಿ. ಮಗುವಾಗಿದ್ದಾಗ ಗುಲಾಮರ ವ್ಯಾಪಾರಿಗಳು ಹಿಡಿದು ಹಡಗಿಗೆ ಹಾಕಿದರು. ಹಡಗು ಜಮೈಕಾ ಹತ್ತಿರ ಒಡೆಯಿತು. ಅಲ್ಲಿನ ಗವರ್ನರ್ ಮನೆಯವರು ಸಾಕಿ ಓದಿಸಿದರು. 1843ರಲ್ಲಿ ಬಂದ ತಂಡದ ಜೊತೆ ಶಿಕ್ಷಕಿಯಾಗಿ ಆಫ್ರಿಕಾಕ್ಕೆ ಮರಳಿದರು. ಕ್ರಿಸ್ಟಿಯಾನ್ಸ್‌ಬೋರ್ಗ್‌ನಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದರು. ಮೊದಲ ಮದುವೆ ಮುರಿದುಬಿತ್ತು. 1851ರಲ್ಲಿ ಝಿಮ್ಮರ್‌ಮನ್ ಎಂಬ ಜರ್ಮನ್ ಮಿಶನರಿ ಇವರನ್ನು ಮದುವೆಯಾದರು. ಬಾಸೆಲ್ಲಿನ ದೊಡ್ಡವರಿಗೆ ಇದು ಹಿಡಿಸಲಿಲ್ಲ. ಆದರೂ ಇಬ್ಬರೂ ಜೊತೆಗೇ ದುಡಿದರು. ಅಕ್ರೊಪಾಂಗ್‌ನಲ್ಲಿ ರೋಸಿನಾ ವಿಡ್‌ಮನ್ 1847ರಲ್ಲಿ ಹುಡುಗಿಯರಿಗೆ ಪಾಠ ಶುರು ಮಾಡಿದರು.

ಕಲಿಸಿದ್ದು ಏನು? ಓದು, ಬೈಬಲ್ಲು, ಸ್ವಲ್ಪ ಲೆಕ್ಕ, ಜಾಸ್ತಿ ಹೊಲಿಗೆ ಮತ್ತು ಮನೆಗೆಲಸ. ಉಪದೇಶಿಗೆ ತಕ್ಕ ಹೆಂಡತಿ ಸಿಗಬೇಕು ಎಂಬುದೇ ಗುರಿ. ಇದರಲ್ಲಿ ಒಂದು ಎಡವಟ್ಟು ಇದೆ. ಟ್ವಿ ಮಾತಾಡುವ ಅಕಾನ್ ಜನರ ಹೆಂಗಸರು ಮೊದಲಿನಿಂದಲೂ ಸಂತೆಗೆ ಹೋಗಿ ವ್ಯಾಪಾರ ಮಾಡುವವರು, ದುಡ್ಡು ಬೇರೆಯಾಗಿ ಇಟ್ಟುಕೊಳ್ಳುವವರು, ಮದುವೆಯಾದ ಮೇಲೂ ಎಷ್ಟೋ ಸಲ ತಾಯಿಮನೆಯಲ್ಲೇ ಇರುವವರು. ಅಂಥವರಿಗೆ ಗಂಡನ ಮನೆಯಲ್ಲಿ ಕೂತು ಹೊಲಿಯಲು ಕಲಿಸಿದರು. ಆ ಹೆಂಗಸರು ಹೊಲಿಗೆಯನ್ನೂ ವ್ಯಾಪಾರ ಮಾಡಿಕೊಂಡರು ಅನ್ನಿ. ಹೆಣ್ಣುಮಕ್ಕಳಿಗೆ ಶಿಕ್ಷಕಿ ತರಬೇತಿ ಕಾಲೇಜು ಅಗೊಗೊದಲ್ಲಿ ಶುರುವಾದದ್ದು 1931ರಲ್ಲಿ. ಹುಡುಗರಿಗೆ 1848ರಲ್ಲೇ ಸೆಮಿನರಿ ಇತ್ತು. ನಡುವಿನ ವರ್ಷ ನೀವೇ ಲೆಕ್ಕ ಹಾಕಿ.

ಕ್ರೋಬೊ ಜನರ ನಾಡಿನಲ್ಲಿ ಇನ್ನೂ ಕಷ್ಟದ ಸಂಗತಿ. ಅಲ್ಲಿ ಹುಡುಗಿ ದೊಡ್ಡವಳಾಗುವ ಮುನ್ನ ಡಿಪೊ ಎಂಬ ಆಚರಣೆ ಆಗಬೇಕು. ಅದಾಗದೆ ಬಸಿರಾದರೆ ಊರಿನಿಂದಲೇ ಹೊರಗೆ ಹಾಕುತ್ತಿದ್ದರು. ಡಿಪೊ ಮಾಡಿಸಿಕೊಂಡರೆ ಚರ್ಚು ಹೊರಗೆ ಹಾಕುತ್ತಿತ್ತು. 1892ರಲ್ಲಿ ಸರ್ಕಾರ ಡಿಪೊವನ್ನು ನಿಷೇಧಿಸಿ, ಕ್ರೋಬೊ ಜನರನ್ನು ಅವರ ಪವಿತ್ರ ಬೆಟ್ಟದಿಂದ ಕೆಳಗೆ ಇಳಿಸಿತು. ಅದೇ ವರ್ಷ ಗಾದಿಗೆ ಬಂದ ಇಮ್ಯಾನುಯೆಲ್ ಮಾಟೆ ಕೊಲೆ ಮಿಶನ್ ಶಾಲೆಯಲ್ಲಿ ಓದಿದವರು. ಡಿಪೊ ನಿಲ್ಲಲಿಲ್ಲ. ನಾನಿದ್ದಾಗಲೂ ಆಗುತ್ತಿತ್ತು. ಮಣಿಸರ ಹಾಕಿಕೊಂಡು ಕ್ರೋಬೊ ಹುಡುಗಿಯರು ಹೋಗುವುದನ್ನು ಒಡುಮಾಸೆಯಲ್ಲಿ ನೋಡಿದ್ದೇನೆ. ಅವರಲ್ಲಿ ಒಬ್ಬಳು ನಮ್ಮ ಶಾಲೆಯವಳು, ಸೋಮವಾರ ತರಗತಿಗೆ ಬಂದು ಸಮೀಕರಣ ಬಿಡಿಸಿದಳು. ಎರಡೂ ಅವಳದೇ ಆಗಿತ್ತು.

ಈಗ ವ್ಯಾಪಾರ. ಹೌದು, ಇತ್ತು. 1859ರಲ್ಲಿ ಮಿಶನ್ನಿನ ವ್ಯಾಪಾರಿ ಕಂಪನಿ ಶುರುವಾಯಿತು. ತಾಳೆ ಎಣ್ಣೆ ಕೊಳ್ಳುವುದು, ಬಟ್ಟೆ, ಹತಾರ ಮಾರುವುದು. ಹೆಂಡ ಮಾರಲಿಲ್ಲ, ಕರಾವಳಿಯ ಬೇರೆ ವ್ಯಾಪಾರಿಗಳಿಗೆಲ್ಲ ಅದೇ ದೊಡ್ಡ ಲಾಭವಾಗಿತ್ತು. ಕ್ರಿಸ್ಟಿಯಾನ್ಸ್‌ಬೋರ್ಗ್‌ನಲ್ಲಿ ಬಡಗಿ, ಕಮ್ಮಾರರ ಕಾರ್ಯಾಗಾರವೂ ಇತ್ತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರು ಎಂದು ಮಿಶನರಿಗಳನ್ನು ಹೊರಹಾಕಿದ ಮೇಲೆ ಮಂಗಳೂರಿನ ಕಾರ್ಖಾನೆಗಳೂ ಗೋಲ್ಡ್ ಕೋಸ್ಟ್‌ನ ಅಂಗಡಿಗಳೂ ಒಂದೇ ಕೈಗೆ ಹೋದವು. ಅದು ಬ್ರಿಟನ್ನಿನ ಕಾಮನ್‌ವೆಲ್ತ್ ಟ್ರಸ್ಟ್. ನಮ್ಮೂರಿನ ಹಿರಿಯರಿಗೆ ಆ ಹೆಸರು ಚೆನ್ನಾಗಿ ಗೊತ್ತು.

ಆದರೆ ಕೂಲಿಗಳನ್ನು ತಯಾರು ಮಾಡಿದರು ಎನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆ ಕಾರ್ಯಾಗಾರದಲ್ಲಿ ಕಮ್ಮಾರಿಕೆ ಕಲಿತ ಒಬ್ಬ ಗಾ ಹುಡುಗ ಟೆಟ್ಟೆ ಕ್ವಾರ್ಶಿ. 1870ರಲ್ಲಿ ಫರ್ನಾಂಡೊ ಪೊ ದ್ವೀಪಕ್ಕೆ ದುಡಿಯಲು ಹೋದ. 1876ರಲ್ಲಿ ವಾಪಸ್ ಬರುವಾಗ ಕೋಕೊ ಬೀಜ ತಂದ. ಅಕುವಾಪೆಮ್‌ನ ಮಾಂಪಾಂಗ್‌ನಲ್ಲಿ ನೆಟ್ಟ. ಮಿಶನ್ನಿನವರು ಅವನಿಗಿಂತ ಮೊದಲೇ ತಮ್ಮ ತೋಟಗಳಲ್ಲಿ ಕೋಕೊ ಬೆಳೆಸಲು ನೋಡಿದ್ದರು, ಅದು ಊರಿಗೆ ಹರಡಲಿಲ್ಲ. ಟೆಟ್ಟೆ ಕ್ವಾರ್ಶಿಯ ಗಿಡದ ಬೀಜಗಳನ್ನು ಅಕ್ಕಪಕ್ಕದ ರೈತರು ದುಡ್ಡು ಕೊಟ್ಟು ಕೊಂಡರು. ಅಕುವಾಪೆಮ್, ಕ್ರೋಬೊ ರೈತರು ಅಕ್ಯೆಮ್ ಕಾಡಿಗೆ ಹೋಗಿ ಜಮೀನು ಕೊಂಡು ತೋಟ ಮಾಡಿದರು. 1911ರ ಹೊತ್ತಿಗೆ ಜಗತ್ತಿನಲ್ಲಿ ಅತಿ ಹೆಚ್ಚು ಕೋಕೊ ಬೆಳೆಯುವ ನಾಡು ಗೋಲ್ಡ್ ಕೋಸ್ಟ್. ಯಾವ ಬಿಳಿ ಎಸ್ಟೇಟ್ ಮಾಲೀಕನೂ ಅದನ್ನು ಮಾಡಲಿಲ್ಲ. ಕೋಕೊ ದುಡ್ಡಿನಿಂದ ಮಕ್ಕಳ ಫೀಸು ಕಟ್ಟಿದರು, ಸಭೆಗೆ ಕಲ್ಲಿನ ಕಟ್ಟಡ ಕಟ್ಟಿದರು.

ಹೈಸ್ಕೂಲನ್ನು ಕೂಡ ಮಿಶನ್ ಕೊಡಲಿಲ್ಲ, ಜನರೇ ಕೇಳಿ ಪಡೆದರು. 1917ರ ಕೊನೆಗೆ ಜರ್ಮನ್ ಮಿಶನರಿಗಳು ಹೋದರು. ಸ್ಕಾಟ್ಲೆಂಡಿನವರು ಬಂದು ಕೈಜೋಡಿಸಿದರು. ಆದರೆ 1918ರಲ್ಲಿ ಸಭೆಯ ಮೊದಲ ಅಧ್ಯಕ್ಷರಾದದ್ದು ಪೀಟರ್ ಹಾಲ್, ಕಾರ್ಯದರ್ಶಿಯಾದದ್ದು ಎನ್. ಟಿ. ಕ್ಲರ್ಕ್. ಇಬ್ಬರೂ ಜಮೈಕಾದಿಂದ ಬಂದವರ ಮಕ್ಕಳು. ಕ್ಲರ್ಕ್ ಹೈಸ್ಕೂಲು ಬೇಕೆಂದು ವರ್ಷಗಟ್ಟಲೆ ಪಟ್ಟು ಹಿಡಿದರು. ಕೊನೆಗೆ 1938ರಲ್ಲಿ ಒಡುಮಾಸೆಯಲ್ಲಿ ಹುಡುಗರ ಹೈಸ್ಕೂಲು ತೆರೆಯಿತು.


ಧಾರವಾಡದ ಮೇಷ್ಟ್ರು

ಟೀಚರ್, ನೈರೋಬಿಯವರೇ, ಇಬ್ಬರಿಗೂ ತುಂಬಾ ಕೃತಜ್ಞತೆ. ಒಂದು ಗಂಟೆಯ ಮಾತಿಗೆ ಇದು ಧಾರಾಳ ಸಾಕು. ಒಂದೇ ಒಂದು ಉಳಿದಿದೆ. ಮನೆಯೊಳಗೆ ಏನು ಬದಲಾಯಿತು ಎಂದು ಕೇಳಿದ್ದೆ. ಟೀಚರ್, ಒಫೊರಿ ಅಟ್ಟಾ ತಾಯಿಯ ಕಡೆಯ ಹಕ್ಕಿನಿಂದ ಅರಸರಾದರು ಎಂದಿರಿ. ಹಾಗಾದರೆ ಅಲ್ಲೂ ಆಸ್ತಿ ಅಳಿಯನಿಗೇ ಹೋಗುತ್ತಿತ್ತೇ?


ಉತ್ತರ: ಬಲ್ಮಠದ ಟೀಚರ್

ಹೌದು ಮೇಷ್ಟ್ರೇ. ನನ್ನನ್ನು ಆ ಊರಿಗೆ ಹತ್ತಿರ ಮಾಡಿದ್ದೇ ಇದು. ಅಕಾನ್ ಜನರಲ್ಲಿ ತಾಯಿಯ ಕಡೆಯ ಕುಟುಂಬಕ್ಕೆ ಅಬುಸುವಾ ಎನ್ನುತ್ತಾರೆ. ಆಸ್ತಿ ಅಬುಸುವಾದ್ದು. ಗಂಡಸು ಸತ್ತರೆ ಅವನ ತಮ್ಮನಿಗೆ, ಇಲ್ಲವೇ ಅಕ್ಕತಂಗಿಯ ಮಗನಿಗೆ. ಹೆಂಡತಿ ಮಕ್ಕಳು ಬೇರೆ ಅಬುಸುವಾದವರು, ಅವರಿಗೆ ಪಾಲಿಲ್ಲ. ದಕ್ಷಿಣ ಕನ್ನಡದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ, ನಮ್ಮ ಅಳಿಯಕಟ್ಟಿನ ಮನೆಗಳಲ್ಲಿ ನಡೆದದ್ದೂ ಹೀಗೇ. ನಮ್ಮ ಮುತ್ತಜ್ಜ ಕ್ರೈಸ್ತರಾದಾಗ ಕುಟುಂಬದ ಜಮೀನು ಕೈಬಿಟ್ಟಿತು, ಹಂಚಿನ ಕಾರ್ಖಾನೆಯ ಕೂಲಿ ಕೈಹಿಡಿಯಿತು.

ಅಕುವಾಪೆಮ್‌ನಲ್ಲಿ ಶಾಲೆ ಮತ್ತು ಕೋಕೊ ಸೇರಿ ಇದನ್ನು ಅಲ್ಲಾಡಿಸಿದವು. ಶಾಲೆ ಕಲಿಸಿದ್ದು ಗಂಡ, ಹೆಂಡತಿ, ಮಕ್ಕಳು ಒಂದು ಮನೆ ಎಂದು. ಕೋಕೊ ತೋಟ ಎದ್ದದ್ದು ಆ ಹೆಂಡತಿ ಮಕ್ಕಳ ಬೆವರಿನಿಂದ. ಗಿಡ ಫಲ ಕೊಡಲು ವರ್ಷಗಳು ಬೇಕು. ಅಷ್ಟೂ ವರ್ಷ ಕಳೆ ಕಿತ್ತವಳು ಹೆಂಡತಿ. ಗಂಡ ಸತ್ತ ಮರುದಿನ ತೋಟ ಅಳಿಯನಿಗೆ. ಜಗಳ ಆಗದೆ ಇರುತ್ತದೆಯೇ? ಸಭೆ ಒಂದು ಕಟ್ಟಳೆ ಮಾಡಿತು. ಆಸ್ತಿಯನ್ನು ಮೂರು ಭಾಗ ಮಾಡಿ, ವಿಧವೆಗೆ ಒಂದು, ಮಕ್ಕಳಿಗೆ ಒಂದು, ಅಬುಸುವಾಕ್ಕೆ ಒಂದು. ಸರ್ಕಾರ 1884ರ ಮದುವೆ ಕಾಯ್ದೆಯಲ್ಲಿ, ಆ ಕಾಯ್ದೆಯ ಪ್ರಕಾರ ಮದುವೆಯಾದವರಿಗೆ ಮಾತ್ರ, ಮೂರರಲ್ಲಿ ಎರಡು ಪಾಲನ್ನು ಇಂಗ್ಲಿಷ್ ಕಾನೂನಿನಂತೆ ಹಂಚಬೇಕು, ಉಳಿದ ಒಂದು ಪಾಲು ಊರ ಕಟ್ಟಿನಂತೆ ಹೋಗಬೇಕು ಎಂದಿತು. ಆದರೆ ಜಾಸ್ತಿ ಜನ ಮದುವೆಯಾಗುತ್ತಿದ್ದದ್ದು ಊರ ಪದ್ಧತಿಯಲ್ಲಿ. ಸಭೆಯ ಕಟ್ಟಳೆಗೆ, ಒಪ್ಪದ ಅಬುಸುವಾವನ್ನು ಒಪ್ಪಿಸುವ ಶಕ್ತಿ ಇರಲಿಲ್ಲ.

ನಾನಿದ್ದಾಗಲೇ 1985ರಲ್ಲಿ ದೇಶಕ್ಕೆಲ್ಲ ಒಂದು ಕಾನೂನು ಬಂತು. ಉಯಿಲು ಬರೆಯದೆ ಸತ್ತವನ ಮನೆ ಮತ್ತು ಮನೆಸಾಮಾನು ಹೆಂಡತಿ ಮಕ್ಕಳಿಗೆ. ಉಳಿದ ಆಸ್ತಿಯಲ್ಲಿ ಹದಿನಾರರಲ್ಲಿ ಮೂರು ಪಾಲು ಹೆಂಡತಿಗೆ, ಒಂಬತ್ತು ಮಕ್ಕಳಿಗೆ, ಎರಡು ತಂದೆತಾಯಿಗೆ, ಎರಡು ಊರ ಕಟ್ಟಿನಂತೆ. ನಮ್ಮ ಸ್ಟಾಫ್ ರೂಮಿನಲ್ಲಿ ಆ ದಿನ ಪಾಠವೇ ನಡೆಯಲಿಲ್ಲ ಎನ್ನಬೇಕು. ಸಹೋದ್ಯೋಗಿಯೊಬ್ಬರು ಆ ಕಾನೂನು ಬರುವ ಮೊದಲೇ ವಿಧವೆಯಾಗಿದ್ದರು. ಗಂಡನ ಕಡೆಯವರು ಬಂದು ಮನೆಗೆ ಬೀಗ ಹಾಕಿದ್ದರು. ಹೊಲಿಗೆ ಮೆಷಿನ್ನನ್ನೂ ಬಿಟ್ಟಿರಲಿಲ್ಲ. ಅವರು ಪತ್ರಿಕೆಯನ್ನು ಗಟ್ಟಿಯಾಗಿ ಓದಿದರು. ಆಗ ಆರ್ಗನ್ ನುಡಿಸುವ ಆ ಹಿರಿಯ ಮೇಷ್ಟ್ರು ಎದ್ದು, ಹಾಗಾದರೆ ನನ್ನನ್ನು ಓದಿಸಿದ ನನ್ನ ಮಾವನ ಋಣ ಎಲ್ಲಿಗೆ ಹೋಯಿತು ಎಂದು ಕೇಳಿದರು. ಅವರ ಫೀಸು ಕಟ್ಟಿದ್ದು ತಾಯಿಯ ಅಣ್ಣ, ತಂದೆಯಲ್ಲ. ಅಬುಸುವಾದ ದುಡ್ಡಿನಿಂದಲೇ ಅಲ್ಲಿ ಎಷ್ಟೋ ಹುಡುಗರು ಮಿಶನ್ ಶಾಲೆಯಲ್ಲಿ ಓದಿದ್ದು. ಇಬ್ಬರ ಮಾತೂ ನ್ಯಾಯವೇ. ನನ್ನನ್ನು ಕೇಳಿದರೆ ನಾನು ಆ ವಿಧವೆಯ ಕಡೆಗೇ ನಿಲ್ಲುತ್ತೇನೆ. ಆದರೆ ಮಾವನ ಫೀಸಿನ ಮಾತನ್ನು ನಿಮ್ಮ ಹುಡುಗರ ಮುಂದೆ ಮರೆಯದೆ ಇಡಿ, ಅವರೇ ವಾದ ಮಾಡಲಿ.

ಬೋರ್ಡಿನ ಮೇಲೆ ನಕಾಶೆ ಬರೆಯುವುದಾದರೆ ಅಕ್ರಾ, ಅಕ್ರೊಪಾಂಗ್, ಮಾಂಪಾಂಗ್, ಒಡುಮಾಸೆ, ಕಿಬಿ, ಈ ಐದು ಊರು ಗುರುತಿಸಿದರೆ ಸಾಕು. ನಾನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಈ ಐದರ ನಡುವೆಯೇ ನಡೆದದ್ದು.